ಬದುಕಿರುವವನಿಗೆ ಹಚ್ಚಿದ ದೀಪ

"ಅನ್ಶೆಲ್ ಯೆರುಖಮ್, ಶ್ಮಾಯನ ಮಗ, ಎದ್ದು ಬರಲಿ."

ನಮ್ಮ ಯಹೂದಿ ಮಂದಿರದಲ್ಲಿ ಕೆಳಗೆ ಗಂಡಸರ ಸಭೆಯಿಂದ ಆ ಕರೆ ಬಂದಾಗ ನಾನು ಮೇಲೆ ಹೆಂಗಸರ ಜಾಲಂದ್ರದ ಹಿಂದೆ ಕೂತು, ಹಿಮ್ಮಡಿಯ ಬೊಬ್ಬೆ ಬೂಟಿಗೆ ತಾಗದಂತೆ ಕಾಲೆತ್ತಿ ಹಿಡಿದಿದ್ದೆ. ಶಬ್ಬತ್, ಅಂದರೆ ಶನಿವಾರದ ವಿಶ್ರಾಂತಿ ದಿನ, ವಾಹನ ಹತ್ತುವಂತಿಲ್ಲ. ನ್ಯೂಯಾರ್ಕಿನ ನಮ್ಮ ಓಣಿಯಿಂದ ಸೇತುವೆ ದಾಟಿ ಬ್ರೂಕ್ಲಿನ್‌ವರೆಗೆ ನಡೆದೇ ಬಂದಿದ್ದೆ.

ಬೊಬ್ಬೆ ಮರೆತುಹೋಯಿತು.

ಎದ್ದು ಬಂದವನು ಹ್ಯಾರಿ ಕ್ರುಪ್ನಿಕ್. ವಯಸ್ಸು ನಲವತ್ತರ ಹತ್ತಿರ, ಬೊಕ್ಕತಲೆ, ಹೊಟ್ಟೆಯ ಮೇಲೆ ಚಿನ್ನದ ಸರಪಳಿ. ಅಂಗಡಿಯ ಫಲಕದಲ್ಲಿ ಹ್ಯಾರಿ, ಹೆಂಡತಿಯ ಬಾಯಲ್ಲಿ ಹ್ಯಾರಿ. ಆದರೆ ತೋರಾ ಧರ್ಮಗ್ರಂಥದ ಸುರುಳಿಯ ಮುಂದೆ ನಿಲ್ಲಲು ಕರೆಯುವಾಗ ಹುಟ್ಟಿದ ಎಂಟನೆಯ ದಿನ ಇಟ್ಟ ಹೆಸರನ್ನೇ ಹಿಡಿದು ಕರೆಯಬೇಕು. ಅಂದು ಅವನ ಮಗನಿಗೆ ಹದಿಮೂರು ತುಂಬಿದ ಸಂಭ್ರಮ. ಆದ್ದರಿಂದ ಅಪ್ಪನಿಗೂ ಕರೆ.

ಆ ಹೆಸರು ನನ್ನ ತಾತನದು. ನಲವತ್ತು ವರ್ಷದ ಹಿಂದೆ ಸ್ಟಾರೊವಿಟ್ಸ್ ಎಂಬ ಊರಿನಿಂದ ಅಮೆರಿಕಕ್ಕೆಂದು ಹೊರಟು ಕಾಣೆಯಾದ ತಾತ. ಅವನು ಹಡಗಿನಿಂದ ಜೀವಂತ ಇಳಿದ, ಒಬ್ಬ ಹೆಂಗಸಿನ ಜೊತೆ ಪಶ್ಚಿಮಕ್ಕೆ ಹೋದ ಎಂದು ಸಾಕ್ಷಿ ಹೇಳಿದವನು ಒಬ್ಬನೇ: ಈ ಹ್ಯಾರಿಯ ಅಪ್ಪ ಶ್ಮಾಯ.

ನಮ್ಮಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಕುಡುಕನೂ ಇಡುವುದಿಲ್ಲ, ದೇವರನ್ನು ನಂಬದವನೂ ಇಡುವುದಿಲ್ಲ. ಮೃತ್ಯುದೂತ ಬಂದಾಗ ಮುದುಕನ ಬದಲು ತೊಟ್ಟಿಲ ಬಳಿ ನಿಂತುಬಿಟ್ಟಾನು ಎಂಬ ಭಯ. ಸತ್ತವರ ಹೆಸರನ್ನಷ್ಟೇ ತೊಟ್ಟಿಲಿಗೆ ತರುತ್ತೇವೆ.

ಹಾಗಾದರೆ ತಾತ ಪಶ್ಚಿಮದಲ್ಲೆಲ್ಲೋ ಇನ್ನೊಬ್ಬಳೊಡನೆ ಸಂಸಾರ ಮಾಡುತ್ತಿದ್ದಾನೆ ಎಂದು ಊರಿಗೆಲ್ಲ ಹೇಳಿದ ಶ್ಮಾಯ, ಅದಾದ ಮರುವರ್ಷವೇ ತನ್ನ ಚೊಚ್ಚಲ ಮಗನಿಗೆ ಅವನ ಹೆಸರಿಟ್ಟದ್ದು ಹೇಗೆ?

ಆದರೂ ಒಳಗಿನ ಹಳೆಯ ಅನುಮಾನ ಎದ್ದಿತು. ಅವನ ಸೋದರಮಾವನ ಹೆಸರೂ ಅದೇ ಇದ್ದರೆ? ಕಾಣೆಯಾದ ಗಂಡಂದಿರನ್ನು ಹುಡುಕುವ ಕಚೇರಿಯಲ್ಲಿ ನಾನು ಬರೀ ಬೆರಳಚ್ಚಿನವಳು. ಸಂಜೆ ಶಾಲೆಯಲ್ಲಿ ಕಲಿತದ್ದು ಇಂಗ್ಲಿಷು, ಲೆಕ್ಕ, ಸ್ವಲ್ಪ ಕಾನೂನು. ತಪ್ಪು ಮನುಷ್ಯನ ಮೇಲೆ ಬೆರಳು ತೋರಿಸಿದರೆ ಮೊದಲು ಪೆಟ್ಟು ಬೀಳುವುದು ಅಜ್ಜಿಗೆ.

ಪಕ್ಕದಲ್ಲಿ ಕೂತಿದ್ದ ಮುದುಕಿ ಕಣ್ಣೊರೆಸಿಕೊಳ್ಳುತ್ತಿದ್ದಳು. ರೇಷ್ಮೆಯ ತಲೆವಸ್ತ್ರ, ಉಡಿಯಲ್ಲಿ ಮೊಮ್ಮಗನ ಮೇಲೆ ಎರಚಲು ಮಿಠಾಯಿ. ಅವಳು ಶ್ಮಾಯನ ಹೆಂಡತಿ ದ್ವೋರಾ ಎಂದು ಆಗಲೇ ಗೊತ್ತಾಗಿತ್ತು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಹೆಸರು ಬಹಳ ಅಪರೂಪ, ಯಾರ ನೆನಪಿಗೆ ಇಟ್ಟಿರಿ ಎಂದು ಕೇಳಿದೆ.

"ನಮ್ಮೋರ ಗೆಳೆಯ ಒಬ್ಬ ಇದ್ದನಂತೆ, ಪಾಪ. ಅಮೆರಿಕಕ್ಕೆ ಬರೋ ದಾರಿಲೇ ತೀರಿಕೊಂಡನಂತೆ. ನಾನು ನೋಡಿಲ್ಲಮ್ಮ, ನನ್ನ ಮದುವೆ ಆಗಿದ್ದು ಇಲ್ಲಿಗೆ ಬಂದ ಮೇಲೆ. ಆದ್ರೆ ಪ್ರತಿ ವರ್ಷ ಅವನಿಗೂ ಒಂದು ದೀಪ ಇಡ್ತಾರೆ. ನಮ್ಮತ್ತೆಗೆ ಒಂದು, ಮಾವನಿಗೆ ಒಂದು, ಅವನಿಗೆ ಒಂದು. ನಾನೇ ಬೈತೀನಿ, ರೀ, ಸ್ವಂತ ತಮ್ಮನಿಗೂ ಇಷ್ಟು ಮಾಡಲ್ವಲ್ಲ ನೀವು ಅಂತ."

ದೀಪ ಯಾವಾಗ ಇಡುತ್ತಾರೆ ಎಂದು ಕೇಳಿದೆ.

"ಶವುವೋಸ್ ಹಬ್ಬ ಮುಗಿದ ವಾರ. ಹಬ್ಬಕ್ಕೆ ಅಂತ ಸುಟ್ಟ ಗಿಣ್ಣದ ದೋಸೆ ಇನ್ನೂ ತಟ್ಟೆಲಿ ಉಳಿದಿರುತ್ತೆ, ಇವರು ದೀಪ ಹಿಡ್ಕೊಂಡು ಕೂತಿರ್ತಾರೆ. ಹಬ್ಬದ ಬಾಯಿಗೆ ಬೂದಿ."

ಇಷ್ಟು ಹೇಳಿ ಅವಳು ಮಿಠಾಯಿ ಎರಚಿದಳು. ನನ್ನ ಅಂಗೈಗೂ ಒಂದು ತುರುಕಿದಳು. ನಾನು ತಿನ್ನಲಿಲ್ಲ.

*

ಹಿಂದಿರುಗುವಾಗ ಸೇತುವೆಯ ಮೇಲೆ ಗಾಳಿ ಬೀಸುತ್ತಿತ್ತು. ನಾನು ನಡೆಯುತ್ತಿರಲಿಲ್ಲ, ಕುದಿಯುತ್ತಿದ್ದೆ.

ನನ್ನ ಅಜ್ಜಿ ಫ್ರುಮಾಗೆ ಈಗ ಅರವತ್ತು. ಗಂಡ ಹೊರಟಾಗ ಇಪ್ಪತ್ತು, ಕಂಕುಳಲ್ಲಿ ನಮ್ಮಮ್ಮ. ಗಂಡ ಸತ್ತಿದ್ದರೆ ಅವಳು ವಿಧವೆ, ಮತ್ತೆ ಮದುವೆಯಾಗಬಹುದಿತ್ತು. ಬಿಟ್ಟುಬಿಡುತ್ತೇನೆ ಎಂದು ಅವನು ಪತ್ರ ಕೊಟ್ಟಿದ್ದರೂ ಆಗಬಹುದಿತ್ತು. ಎರಡೂ ಇಲ್ಲದವಳು ಅಗುಣಾ, ಕಟ್ಟಿಬಿದ್ದವಳು. ಅಜ್ಜಿ ತನ್ನ ಪಾಡನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಾಳೆ: ಹಸು ಸತ್ತರೆ ಹಗ್ಗವನ್ನಾದರೂ ಬಿಚ್ಚುತ್ತಾರೆ, ಇಲ್ಲಿ ಹಸು ಎಲ್ಲಿದೆ ಎಂದು ಗೊತ್ತಿಲ್ಲ, ಗೂಟವನ್ನೇ ಕಟ್ಟಿಹಾಕಿದ್ದಾರೆ.

ಸ್ಟಾರೊವಿಟ್ಸ್‌ನ ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಜಾಗ ಬಿಡುತ್ತಿದ್ದರಂತೆ, ಮರ್ಯಾದೆಗಲ್ಲ, ಮೈಲಿಗೆಯೆಂಬಂತೆ. ಗಂಡನನ್ನು ಹಿಡಿದಿಡಲಾರದವಳ ಕೊಡ ತಮ್ಮ ಕೊಡಕ್ಕೆ ತಾಗಬಾರದಲ್ಲ. ತಾತ ಒಲೆ ಕಟ್ಟುವವನು. ಅವನು ಕಟ್ಟಿದ ಒಲೆಗಳ ಮುಂದೆ ಚಳಿ ಕಾಯಿಸಿಕೊಳ್ಳುತ್ತಲೇ ಊರು ಅವನನ್ನು ಓಡಿಹೋದವನು ಎಂದಿತು. ಅಜ್ಜಿ ಅವನಿಗಾಗಿ ದೀಪ ಹಚ್ಚುವಂತಿರಲಿಲ್ಲ. ಬದುಕಿರುವವನಿಗೆ ವರ್ಷದ ದೀಪ ಹಚ್ಚುವುದು ಕೊಲೆಗೆ ಸಮ.

ಅವಳಿಗೆ ಇಲ್ಲದ ಹಕ್ಕನ್ನು ಶ್ಮಾಯ ಪ್ರತಿ ವರ್ಷ ತನ್ನ ಮನೆಯ ಬೀರುವಿನ ಮೇಲೆ ಹಚ್ಚಿಟ್ಟುಕೊಂಡಿದ್ದ.

ನಾಲ್ಕು ವರ್ಷದ ಹಿಂದೆ ನಮ್ಮ ಓಣಿಗೆ ಗೆಟ್ಸೆಲ್ ಬಂದರು. ಹೆಂಡತಿ ಸತ್ತವರು, ಪೀಪಾಯಿಗಳಲ್ಲಿ ಸೌತೆಕಾಯಿ ಉಪ್ಪುಹಾಕಿ ಮಾರುವವರು. ಉಪ್ಪುನೀರಿಗೆ ಕೈ ಬಿರಿಯುತ್ತದೆಂದು ಎರಡೂ ಅಂಗೈಗೆ ಸದಾ ಬಟ್ಟೆಪಟ್ಟಿ ಸುತ್ತಿರುತ್ತಾರೆ. ಅಜ್ಜಿಯ ಬೈಗುಳವನ್ನು ಮೆಚ್ಚಿ, ಅವಳ ಮೂಲಂಗಿಯನ್ನು ಹೊಗಳಿ, ಕಳೆದ ಚಳಿಗಾಲದಲ್ಲಿ ಮದುವೆಯ ಮಾತನ್ನೂ ಎತ್ತಿದರು. ಅಜ್ಜಿ ಮೊದಲು ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು. ಅಂದಿನಿಂದ ನಾನು ತಾತನನ್ನು ಹುಡುಕುತ್ತಿದ್ದೇನೆ.

ಸೇತುವೆ ದಾಟಿ ಹೋಗು ಎಂದು ಕಳಿಸಿದವರೂ ಗೆಟ್ಸೆಲ್ಲೇ. ಗಾಳಿ ಚೆನ್ನಾಗಿರುತ್ತೆ, ಆ ಮಂದಿರದಲ್ಲಿ ಈ ಶಬ್ಬತ್ ಸಂಭ್ರಮ ಇದೆಯಂತೆ, ಜೇನಿನ ಕೇಕು ಕೊಡ್ತಾರೆ, ನಿನ್ನ ಶ್ಮಾಯನನ್ನೂ ಕಣ್ಣಾರೆ ನೋಡಿದ ಹಾಗಾಗುತ್ತೆ ಅಂದಿದ್ದರು.

*

ಭಾನುವಾರ ಬೆಳಗ್ಗೆ ನಮ್ಮ ಧರ್ಮಗುರು ರಬ್ಬಿ ಪಿನ್ಖಸ್ ಅವರ ಮನೆಗೆ ಹೋದೆ. ಅವರು ಹಲ್ಲಿನ ಸಂದಿಯಲ್ಲಿ ಸಕ್ಕರೆ ತುಂಡು ಕಚ್ಚಿಕೊಂಡು ಚಹಾ ಹೀರುತ್ತ ಎಲ್ಲವನ್ನೂ ಕೇಳಿದರು. ಬಹಳ ಕನಿಕರಪಟ್ಟರು. ನಲವತ್ತು ವರ್ಷದಿಂದ ರಬ್ಬಿಗಳು ನಮ್ಮ ಬಗ್ಗೆ ಕನಿಕರಪಡುತ್ತಲೇ ಇದ್ದಾರೆ.

"ಹೆಸರು ನೆನಪು, ದೀಪ ಭಕ್ತಿ," ಅಂದರು. "ಎರಡಕ್ಕೂ ನಾಲಿಗೆ ಇಲ್ಲಮ್ಮ. ನಂಗೆ ಒಂದು ಬಾಯಿ ಬೇಕು. ಅವನು ಸತ್ತಿದ್ದನ್ನ ಕಂಡೆ ಅನ್ನೋ ಒಂದು ಬಾಯಿ."

ಬೇರೆ ವ್ಯಾಜ್ಯಗಳಿಗೆ ಇಬ್ಬರು ಗಂಡಸರ ಸಾಕ್ಷಿ ಬೇಕು. ಕಟ್ಟಿಬಿದ್ದವಳ ವಿಷಯದಲ್ಲಿ ನಮ್ಮ ಪೂರ್ವಿಕರು ಉದಾರಿಗಳು, ಒಬ್ಬರು ಸಾಕು, ಹೆಂಗಸಾದರೂ ಸರಿ, ದಾರಿಹೋಕರಾದರೂ ಸರಿ ಎಂದು ಅವರು ವಿವರಿಸಿದರು. ಆದರೆ ಎರಡು ತೊಡಕು. ನೀರಿನಲ್ಲಿ ಮುಳುಗಿದ ಎಂದರೆ ಎಂಥ ನೀರು ಎಂದು ಕೇಳಬೇಕು. ಎಲ್ಲ ದಡವೂ ಕಣ್ಣಿಗೆ ಬೀಳುವ ನೀರಾದರೆ, ಅವನು ಮೇಲೇಳಲಿಲ್ಲ ಎಂದು ನೋಡುತ್ತ ನಿಂತವನ ಮಾತು ನಡೆಯುತ್ತದೆ. ಕಡಲಂಥ ಕೊನೆಯಿಲ್ಲದ ನೀರಾದರೆ ನಡೆಯುವುದಿಲ್ಲ. ಕಾಣದ ಇನ್ಯಾವುದೋ ದಡದಲ್ಲಿ ಅವನು ಹತ್ತಿರಬಹುದು. ಎರಡನೆಯದು, ಗಂಡ ಸತ್ತ ಎಂದು ಸಾಕ್ಷಿ ಹೇಳಿ ಹೆಣ್ಣನ್ನು ಬಿಡಿಸಿದವನು ತಾನೇ ಅವಳನ್ನು ಮದುವೆಯಾಗುವಂತಿಲ್ಲ. ಇನ್ನೊಬ್ಬನ ಹೆಂಡತಿಯ ಮೇಲೆ ಕಣ್ಣಿಟ್ಟವನು ಅವನನ್ನು ನಾಲಿಗೆಯಿಂದಲೇ ಹೂತುಬಿಡಬಾರದಲ್ಲ.

ಎರಡನೆಯದು ನಮಗೆ ಸಂಬಂಧಿಸಿದ್ದಲ್ಲ ಎಂದು ಅರ್ಧ ಮನಸ್ಸಿನಿಂದ ಕೇಳಿಸಿಕೊಂಡೆ. ನನಗೆ ಆಗ ಬೇಕಿದ್ದದ್ದು ಶ್ಮಾಯನ ಬಾಯಿ.

*

ಶ್ಮಾಯ ಕ್ರುಪ್ನಿಕ್ ಹಡಗಿನ ಟಿಕೆಟ್ ಮಾರಿ ಬೆಳೆದವನು. ಅಮೆರಿಕದ ಬಾಗಿಲು ವಲಸಿಗರಿಗೆ ಮುಚ್ಚಿದ ಮೇಲೆ ಮನೆ ಮಾರುತ್ತಾನೆ. ಮಂದಿರದಲ್ಲಿ ಅವನ ಆಸನ ಮೂಡಣ ಗೋಡೆಗೆ ತಾಗಿಕೊಂಡಿದೆ, ದೊಡ್ಡವರ ಸಾಲು. ಎಪ್ಪತ್ತರ ಹತ್ತಿರ ಬಂದರೂ ಬೆನ್ನು ಬಾಗಿಲ್ಲ. ನಿನ್ನೆಯ ಸಂಭ್ರಮದ ಹೂವು ಪಿಯಾನೋದ ಮೇಲೆ ಇನ್ನೂ ಬಾಡಿರಲಿಲ್ಲ.

ನಾನು ಫ್ರುಮಾಳ ಮೊಮ್ಮಗಳು ಮಿರ್ಲಾ ಎಂದಾಗ ಅವನ ಮುಖ ಬದಲಾಗಲಿಲ್ಲ. ಕೂರಲು ಹೇಳಿದ. ದ್ವೋರಾ ಚಹಾ, ಚೆರಿ ಹಣ್ಣಿನ ಪಾಕ ಇಟ್ಟು, ನಿನ್ನೆಯ ಹುಡುಗಿ ಎಂದು ಗುರುತಿಸಿ ಹಿಗ್ಗಿದಳು. ಅವಳು ಅಡುಗೆಮನೆಗೆ ಹೋಗುವವರೆಗೂ ಕಾದೆ.

ಮಗನ ಹೆಸರು ಯಾರದು ಎಂದು ಕೇಳಿದೆ.

"ನಮ್ಮ ಚಿಕ್ಕಪ್ಪನದು, ಮಗಳೇ."

"ನಿಮ್ಮ ಮನೆಯವರು ದಾರಿಲಿ ಸತ್ತ ಗೆಳೆಯನದು ಅಂದ್ರು. ಅವನಿಗೆ ದೀಪಾನೂ ಇಡ್ತೀರಂತೆ."

ಶ್ಮಾಯ ಎದ್ದು ಅಡುಗೆಮನೆಯ ಬಾಗಿಲು ಮುಚ್ಚಿ ಬಂದ. ಮತ್ತೆ ಕೂರುವಾಗ ಕುರ್ಚಿಯ ತೋಳು ಹಿಡಿದು ಕೂತ. ಸ್ವಲ್ಪ ಹೊತ್ತು ಪಾಕದಲ್ಲಿ ಚಮಚ ತಿರುಗಿಸುತ್ತಿದ್ದ. ಆಮೇಲೆ ಬಹಳ ದುಃಖದ ದನಿಯಲ್ಲಿ, ಸತ್ಯ ಹೇಳುವ ಕಾಲ ಬಂತೇನೋ ಎಂದ. ತಾತ ಕಡಲಿನಲ್ಲಿ ಹೋದನಂತೆ. ಬಿರುಗಾಳಿ, ಅಲೆ, ಕಟಕಟೆಗೆ ಒರಗಿದ್ದವನು ಬಿದ್ದುಬಿಟ್ಟ. ಚಿಕ್ಕ ಹೆಂಡತಿಗೆ ಹೇಗೆ ತಿಳಿಸುವುದೆಂದು ಸಂಕಟಪಟ್ಟು, ಬದುಕಿದ್ದಾನೆ ಎಂದುಬಿಟ್ಟನಂತೆ.

"ಕನಿಕರದಿಂದ ಹೇಳಿದ ಸುಳ್ಳು," ಎಂದ. "ಬೇಕಾದ್ರೆ ರಬ್ಬಿ ಮುಂದೇನೂ ಹೇಳ್ತೀನಿ."

ಒಂದು ಕ್ಷಣ ನಾನು ಅವನಿಗೆ ಕೈಮುಗಿಯುವುದರಲ್ಲಿದ್ದೆ. ಆಮೇಲೆ ತಿಳಿಯಿತು. ಇವನೂ ಧರ್ಮಶಾಸ್ತ್ರ ಓದಿದವನು. ಕಡಲು ಕೊನೆಯಿಲ್ಲದ ನೀರು. ಅವನು ರಬ್ಬಿಯ ಮುಂದೆ ಅಳುತ್ತ ಹೇಳುತ್ತಾನೆ, ಎಲ್ಲರೂ ಅವನ ಹೃದಯವನ್ನು ಹೊಗಳುತ್ತಾರೆ, ಅಜ್ಜಿಯ ಗಂಟು ಮಾತ್ರ ಬಿಚ್ಚುವುದಿಲ್ಲ. ತನ್ನ ಮೈಗೆ ಕೊಳೆ ಹತ್ತದ, ಅವಳಿಗೆ ಕವಡೆಯಷ್ಟೂ ಉಪಯೋಗವಿಲ್ಲದ ಸತ್ಯವನ್ನು ಆರಿಸಿ ಕೊಟ್ಟಿದ್ದ.

ನನ್ನ ದನಿ ನಡುಗಿತು. ಸಿಟ್ಟು ಬಂದರೆ ನನಗೆ ದನಿ ಏರುವುದಿಲ್ಲ, ನಡುಗುತ್ತದೆ. ಅದಕ್ಕೇ ಜನ ಹೆದರಿದ್ದೇನೆ ಎಂದುಕೊಳ್ಳುತ್ತಾರೆ.

"ದೀಪ ಸಾವಿನ ದಿನಕ್ಕೆ ಇಡ್ತಾರೆ. ನೀವು ಶವುವೋಸ್ ಮುಗಿದ ವಾರ ಇಡ್ತೀರಿ, ಗಿಣ್ಣದ ದೋಸೆ ಇನ್ನೂ ತಟ್ಟೆಲಿರುವಾಗ. ನಮ್ಮ ತಾತ ಆ ಹಬ್ಬ ಮುಗಿದ ಬೆಳಗ್ಗೆ ಮನೆ ಬಿಟ್ಟಿದ್ದು. ಅಜ್ಜಿ ಕಟ್ಟಿಕೊಟ್ಟ ಬುತ್ತಿಲೂ ಅದೇ ದೋಸೆ ಇತ್ತು. ಹಡಗು ಹೊರಟಿದ್ದು ತಿಂಗಳಾದ ಮೇಲೆ. ನೀವು ಯಾವ ಕಡಲಿನ ಮಾತಾಡ್ತಿದೀರಿ?"

ಚಮಚ ನಿಂತಿತು.

ಅವನು ಇನ್ನೊಂದು ಸುಳ್ಳು ಹುಡುಕುತ್ತಾನೆ ಎಂದುಕೊಂಡಿದ್ದೆ. ಹುಡುಕಲಿಲ್ಲ. ಸತ್ತವರ ವಿಷಯದಲ್ಲಿ ಅವನು ಒಂದು ದಿನ ಹೆಚ್ಚುಕಮ್ಮಿ ಮಾಡುವವನಲ್ಲ. ದೀಪವನ್ನು ಬೇರೆ ತಿಂಗಳಿಗೆ ಸರಿಸಿದ್ದರೆ, ಮಗನಿಗೆ ಬೇರೆ ಹೆಸರಿಟ್ಟಿದ್ದರೆ ನಾನಲ್ಲ, ಯಾವ ಪತ್ತೇದಾರನೂ ಅವನನ್ನು ಹಿಡಿಯುತ್ತಿರಲಿಲ್ಲ. ಸತ್ತವನಿಗೆ ಹೆದರಿ ನಡೆದ. ಬದುಕಿದ್ದವಳಿಗೆ ಹೆದರಲಿಲ್ಲ.

"ಹೊಳೆ," ಎಂದ.

ಆಮೇಲೆ ಅವನು ಹೇಳಿದ್ದೆಲ್ಲ ನನ್ನ ಕಡೆ ನೋಡದೆ ಹೇಳಿದ್ದು. ಪರವಾನಗಿ ಇಲ್ಲದವರು ಗಡಿಯ ಹೊಳೆಯನ್ನು ಕತ್ತಲಲ್ಲಿ ದಾಟಬೇಕಿತ್ತು. ಆಚೆ ದಡದ ಮರಕ್ಕೊಂದು ಹಗ್ಗ, ಈಚೆ ದಡದಲ್ಲಿ ಅದನ್ನು ಬಿಗಿಹಿಡಿದು ನಿಂತ ದಾಟಿಸುವವನು. ಶ್ಮಾಯ ಮೊದಲು ದಾಟಿದ. ತಾತ ನಡುನೀರಿನಲ್ಲಿದ್ದಾಗ ಹಗ್ಗ ಸಡಿಲವಾಯಿತು.

"ಸಣ್ಣ ಹೊಳೆ. ಇಲ್ಲಿಂದ ಕೆಮ್ಮಿದ್ರೆ ಅಲ್ಲಿ ಕೇಳೋದು. ಪ್ರಾರ್ಥನೆ ಕಲಿಸಿದ್ರು, ಒಲೆ ಕಟ್ಟೋದು ಕಲಿಸಿದ್ರು, ಅವನಪ್ಪ ಈಜು ಕಲಿಸಿರ್ಲಿಲ್ಲ. ಗಿರಣಿ ಕಟ್ಟೆ ಹತ್ರ ಸಿಕ್ಕ. ನಾನು, ಆ ದಾಟಿಸೋನು, ಇಬ್ಬರೂ ಎಳೆದು ಹಾಕಿದ್ವಿ. ಅವನ ಪ್ರಾರ್ಥನೆ ಶಾಲಲ್ಲೇ ಸುತ್ತಿ ಮಣ್ಣು ಮಾಡಿದ್ವಿ."

ಅಂದರೆ ಹೆಣ ಕಂಡಿದೆ, ಗೋರಿ ಇದೆ. ಅಜ್ಜಿ ಆ ವಾರದಿಂದಲೇ ವಿಧವೆ. ನಮ್ಮಮ್ಮ ತಂದೆಯಿಲ್ಲದ ಮಗು, ತಂದೆ ಬಿಟ್ಟ ಮಗುವಲ್ಲ.

ಇದನ್ನು ಊರಿಗೆ ತಿಳಿಸಲು ಏನು ಕಷ್ಟವಿತ್ತು ಎಂದು ಕೇಳಿದೆ.

ಹಡಗಿನ ಟಿಕೆಟ್ ತಾತನ ಹೆಸರಿನಲ್ಲಿತ್ತು. ಶ್ಮಾಯನ ಬಳಿ ಟಿಕೆಟ್ ಇರಲಿಲ್ಲ. ಒದ್ದೆಯಾದ ಅಂಗಿಯ ಒಳಜೇಬಿನಿಂದ ಅದನ್ನು ತೆಗೆದು ಒಣಗಿಸಿಕೊಂಡು, ಅನ್ಶೆಲ್ ಯೆರುಖಮ್ ಆಗಿ ಹಡಗು ಹತ್ತಿದ, ಅನ್ಶೆಲ್ ಯೆರುಖಮ್ ಆಗಿ ಇಳಿದ. ಇಳಿದವನು ಸತ್ತ ಎಂದರೆ, ಹಾಗಾದರೆ ನೀನು ಯಾರ ಟಿಕೆಟ್ಟಿನಲ್ಲಿ ಬಂದೆ ಎಂದು ಕೇಳುತ್ತಾರೆ. ವಾಪಸ್ ಕಳಿಸುತ್ತಾರೆ. ಕೊಂದೆಯಾ ಎಂದೂ ಕೇಳಬಹುದು. ಮೊದಲು ಒಂದು ವರ್ಷ ಸುಮ್ಮನಿರೋಣ ಎಂದುಕೊಂಡನಂತೆ. ಆಮೇಲೆ ಹೇಳಿದರೆ ಒಂದು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತಾರೆ. ಹೀಗೆ ನಲವತ್ತು ಆಯಿತು.

ಭಯವನ್ನು ನಾನು ಬಲ್ಲೆ. ಅದರಲ್ಲೇ ಬೆಳೆದವಳು. ಅಷ್ಟನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ.

"ಆ ಹೆಂಗಸು ಯಾಕೆ?" ಎಂದು ಕೇಳಿದೆ. "ಇಳಿದ, ಕಾಣೆಯಾದ ಅಂತ ಬಿಡಬಹುದಿತ್ತು. ಅವನ ಜೊತೆ ಒಬ್ಬಳು ಇದ್ದಳು ಅಂತ ಯಾಕೆ ಸೇರಿಸಿದ್ರಿ?"

ಶ್ಮಾಯನಿಗೆ ಅದು ಅನಿರೀಕ್ಷಿತ ಪ್ರಶ್ನೆ. ಅವನು ನಿಜವಾಗಿಯೂ ನೆನಪು ಮಾಡಿಕೊಳ್ಳಲು ಯತ್ನಿಸಿದ.

"ಜನ ಕೇಳೋರು. ಬರೀ ಹೋದ ಅಂದ್ರೆ ನಂಬ್ತಿರ್ಲಿಲ್ಲ. ಆಗೆಲ್ಲ ಕಾಣೆಯಾದ ಪ್ರತಿ ಗಂಡಸಿನ ಜೊತೆಗೂ ಒಬ್ಬಳು ಇರ್ತಿದ್ಲು."

ಅಷ್ಟೇ. ಮಾತಿಗೆ ಒಗ್ಗರಣೆ. ಆ ಒಗ್ಗರಣೆಯ ಘಾಟನ್ನು ನನ್ನ ಅಜ್ಜಿ ಬಾವಿಕಟ್ಟೆಯಲ್ಲಿ, ಸಂತೆಯಲ್ಲಿ, ಮಗಳ ಮದುವೆಯ ಚಪ್ಪರದ ಕೆಳಗೂ ಕುಡಿದಿದ್ದಾಳೆ.

ನಾನು ಎದ್ದು, ನಾಳೆಯೇ ರಬ್ಬಿ ಪಿನ್ಖಸ್ ಅವರ ಮುಂದೆ ಈ ಹೊಳೆಯ ಮಾತನ್ನು ಹೇಳಬೇಕು ಎಂದೆ.

ಶ್ಮಾಯ ಚಹಾದ ಲೋಟವನ್ನು ತಟ್ಟೆಯ ನಡುವಿಗೆ ಸರಿಸಿದ. ಅವನ ಬೆನ್ನು ಮತ್ತೆ ನೆಟ್ಟಗಾಗಿತ್ತು.

"ರಬ್ಬಿ ಮುಂದೆ ನಾನು ಹಿಂದೆ ಹೇಳಿದ್ದನ್ನೇ ಹೇಳ್ತೀನಿ. ಜೀವಂತ ಇಳಿದ. ನೀನು ಬೇರೆ ಹೇಳು. ಮೂಡಣ ಗೋಡೆ ಹತ್ರ ಕೂರೋನ ಮಾತು ಒಂದು ಕಡೆ, ಅಜ್ಜಿನ ಬಿಡಿಸೋಕೆ ಓಡಾಡ್ತಿರೋ ಹುಡುಗಿ ಮಾತು ಒಂದು ಕಡೆ. ಮಾತಿಗೆ ಮಾತು ಎದುರಾದ್ರೆ ರಬ್ಬಿ ಗಂಟು ಬಿಚ್ಚಲ್ಲ, ಇನ್ನೊಂದು ಹಾಕ್ತಾರೆ. ನೆನ್ನೆ ನನ್ನ ಮೊಮ್ಮಗ ಅಷ್ಟು ಚೆನ್ನಾಗಿ ಓದಿದ. ಕದ್ದ ಟಿಕೆಟ್ಟಿನವನ ಮೊಮ್ಮಗ ಅಂತ ಅವನನ್ನ ಯಾರೂ ಕರೀಬಾರದು."

"ನಮ್ಮಮ್ಮನ್ನ ಕರೆದ್ರು," ಎಂದೆ. "ಓಡಿಹೋದವನ ಮಗಳು ಅಂತ. ಅವಳೂ ಚೆನ್ನಾಗೇ ಓದ್ತಿದ್ಲು."

ನಾನು ಬಾಗಿಲ ಚಿಲಕಕ್ಕೆ ಕೈಯಿಟ್ಟಾಗ ಹಿಂದಿನಿಂದ ಒಂದು ಸಣ್ಣ ನಗು ಕೇಳಿತು.

"ಅಷ್ಟು ದೂರದಿಂದ ನಡಕೊಂಡು, ಸರಿಯಾಗಿ ನೆನ್ನೇನೇ ನಮ್ಮ ಮಂದಿರಕ್ಕೆ ಹೋಗು ಅಂತ ಯಾರು ಕಳಿಸಿದ್ದು ನಿನ್ನ?"

ನಾನು ತಿರುಗಿದೆ.

"ಉಪ್ಪಿನಕಾಯಿ ಪೀಪಾಯಿಯವನಾ? ಬಂದಿದ್ದ, ಹೋದ ವಾರ. ಸಂಭ್ರಮದ ಮೇಜಿಗೆ ಸೌತೆಕಾಯಿ ಬೇಕಾ ಅಂತ. ನಾನು ಗುರುತು ಹಿಡಿದೆ, ಅವನೂ ಹಿಡಿದ. ನನ್ನ ಬಾಯಿ ಬಿಡಿಸೋಕೆ ಮೊಮ್ಮಗಳನ್ನ ಕಳಿಸ್ತಾನಲ್ಲ, ಅವನಿಗೇ ಒಂದು ಬಾಯಿ ಇದೆಯಲ್ಲ? ಅವತ್ತು ಈಚೆ ದಡದಲ್ಲಿ ಹಗ್ಗ ಹಿಡ್ಕೊಂಡಿದ್ದು ಯಾರು ಅಂತ ಕೇಳು. ಜಾರ್ತೋ ಬಿಟ್ಟನೋ, ಅದನ್ನೂ ಕೇಳು. ನಾನು ಆಚೆ ದಡದಲ್ಲಿದ್ದೆ, ಕತ್ತಲು. ಅವನ ಅಂಗೈಗೆ ಮಾತ್ರ ಗೊತ್ತು."

*

ಮನೆಯ ಮೆಟ್ಟಿಲು ಹತ್ತುವಾಗಲೇ ಅಜ್ಜಿಯ ನಗು ಕೇಳುತ್ತಿತ್ತು. ಅಡುಗೆಮನೆಯಲ್ಲಿ ಅವಳು ಎಲೆಕೋಸು ಕೊಚ್ಚುತ್ತಿದ್ದಳು. ಗೆಟ್ಸೆಲ್ ಎದುರಿಗೆ ಕೂತು, ಅವಳು ಕೊಚ್ಚಿದ್ದಕ್ಕೆ ಉಪ್ಪು ಉದುರಿಸುತ್ತಿದ್ದರು. ಉಪ್ಪು ಜಾಸ್ತಿಯಾಯಿತು ಎಂದು ಅವಳು, ಬಾಯಿಯೇ ಖಾರವಾಗಿರುವವರಿಗೆ ಅಷ್ಟು ಬೇಕು ಎಂದು ಅವರು. ಕಿಟಕಿಯ ಕಟ್ಟೆಯ ಮೇಲೆ ಒಂದು ಖಾಲಿ ದೀಪದ ಗಾಜು, ಮೇಣವಿಲ್ಲದ್ದು. ಎಷ್ಟೋ ವರ್ಷದಿಂದ ಅಲ್ಲೇ ಇದೆ. ವಾರಕ್ಕೊಮ್ಮೆ ಅಜ್ಜಿ ಅದನ್ನು ತೊಳೆದು ಅಲ್ಲೇ ಬೋರಲಿಡುತ್ತಾಳೆ.

"ಬಂದ್ಲು ನಮ್ಮ ಪೊಲೀಸು," ಎಂದಳು. "ಏನಾಯ್ತೇ, ನಾನು ಹೆಂಡತಿನಾ, ವಿಧವೆನಾ? ಬೇಗ ಹೇಳು, ಕೋಸು ಕೆಡುತ್ತೆ."

ನಗುತ್ತಲೇ ಕೇಳಿದಳು. ಆದರೆ ಚಾಕು ಹಲಗೆಯ ಮೇಲೆ ನಿಂತುಬಿಟ್ಟಿತ್ತು.

ನನಗೆ ಸುತ್ತಿ ಬಳಸಿ ಹೇಳಲು ಬರಲಿಲ್ಲ. ಹೆಸರು, ದೀಪ, ಹೊಳೆ, ಗಿರಣಿ ಕಟ್ಟೆ, ಪ್ರಾರ್ಥನೆ ಶಾಲು, ಟಿಕೆಟ್ ಎಲ್ಲವನ್ನೂ ಹೇಳಿದೆ. ಶ್ಮಾಯ ಸಾಕ್ಷಿ ಹೇಳುವುದಿಲ್ಲ ಎಂದೂ ಹೇಳಿದೆ. ಅಜ್ಜಿ ಅಳಲಿಲ್ಲ. ಶಾಲಿನ ಮಾತು ಬಂದಾಗ ಮಾತ್ರ, ಅದರ ಅಂಚಿಗೆ ನೀಲಿ ದಾರ ಹಾಕಿದ್ದು ನಾನು, ಎಂದಳು. ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ ಅದು.

ಹಗ್ಗದ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದನ್ನು ಹೇಳುವಾಗ ಗೆಟ್ಸೆಲ್ ಅವರನ್ನು ನೋಡುತ್ತ ಹೇಳಿದೆ. ಅವರು ಉಪ್ಪಿನ ಬಟ್ಟಲನ್ನು ಕೆಳಗಿಟ್ಟರು.

"ರೆಬ್ ಗೆಟ್ಸೆಲ್," ಎಂದೆ. ಆ ಮರ್ಯಾದೆಯ ಪದ ನನ್ನ ಬಾಯಲ್ಲಿ ಕಹಿಯಾಯಿತು. "ಅಂಗೈ ತೋರಿಸಿ."

"ಯಾಕೆ, ಭವಿಷ್ಯ ನೋಡ್ತೀಯಾ?" ಎಂದಳು ಅಜ್ಜಿ. ಆದರೆ ಅವಳ ದನಿಯಲ್ಲಿ ನಗು ಇರಲಿಲ್ಲ.

ಅವರು ಬೆಚ್ಚಲಿಲ್ಲ. ಈ ಪ್ರಶ್ನೆಗಾಗಿ ಬಹಳ ಕಾಲದಿಂದ ಕಾಯುತ್ತಿದ್ದವರ ಹಾಗೆ ಒಂದೊಂದೇ ಸುತ್ತು ಬಟ್ಟೆಪಟ್ಟಿ ಬಿಚ್ಚಿದರು. ಎರಡೂ ಅಂಗೈಗಳನ್ನು ಕೋಸಿನ ಚೂರುಗಳ ನಡುವೆ ಮೇಲ್ಮುಖವಾಗಿ ಇಟ್ಟರು.

ಉಪ್ಪುನೀರಿನ ಬಿರುಕು ಒಂದೂ ಇರಲಿಲ್ಲ. ಹೆಬ್ಬೆರಳ ಬುಡದಿಂದ ಕಿರುಬೆರಳವರೆಗೆ ಹಗ್ಗ ಉರಿದು ಹೋದ ಹೊಳೆಯುವ ಗೆರೆ, ಎರಡೂ ಕೈಗೆ. ಹಗ್ಗ ಬಿಟ್ಟವನ ಅಂಗೈ ಉರಿಯುವುದಿಲ್ಲ, ಹಿಡಿದವನದು ಉರಿಯುತ್ತದೆ ಎಂದುಕೊಂಡೆ. ಮರುಕ್ಷಣವೇ, ಎಷ್ಟು ಹೊತ್ತು ಹಿಡಿದವನದು ಎಂದೂ ಅನ್ನಿಸಿತು.

ಆಗ ರಬ್ಬಿ ಹೇಳಿದ ಎರಡನೆಯ ತೊಡಕು ನೆನಪಿಗೆ ಬಂತು. ಹೆಣವನ್ನು ಕಂಡ ಇನ್ನೊಂದು ಬಾಯಿ ಇದೇ. ಇವರು ಒಂದು ಮಾತು ಹೇಳಿದರೆ ಅಜ್ಜಿ ನಾಳೆಯೇ ಬಿಡುಗಡೆಯಾಗುತ್ತಿದ್ದಳು, ನಾಲ್ಕು ವರ್ಷದ ಹಿಂದೆಯೇ ಆಗುತ್ತಿದ್ದಳು. ಆದರೆ ಹೇಳಿದವನು ಅವಳನ್ನು ಮದುವೆಯಾಗುವಂತಿಲ್ಲ. ಅದಕ್ಕೇ ಶ್ಮಾಯನ ಬಾಯಿ ಬೇಕಿತ್ತು. ಅದಕ್ಕೇ ಸೇತುವೆ, ಜೇನಿನ ಕೇಕು, ಒಳ್ಳೆಯ ಗಾಳಿ. ಒಬ್ಬ ತನ್ನ ಟಿಕೆಟ್ಟಿಗಾಗಿ ಅವಳನ್ನು ಕಟ್ಟಿಹಾಕಿದ. ಇನ್ನೊಬ್ಬ ತನ್ನ ಮದುವೆಗಾಗಿ ಗಂಟು ಕಾಯುತ್ತ ಅವಳ ಮೂಲಂಗಿ ಹೊಗಳಿದ. ಇವರೆಲ್ಲರ ಲೆಕ್ಕಾಚಾರದಲ್ಲಿ ಆ ಹೆಂಗಸಿನ ನಲವತ್ತು ವರ್ಷ ಎಲ್ಲಿತ್ತು?

ಇದನ್ನೆಲ್ಲ ನಾನು ಹೇಳಬೇಕಾಗಿರಲಿಲ್ಲ. ಕಟ್ಟಿಬಿದ್ದವಳ ಕಟ್ಟಳೆಗಳನ್ನು ಅಜ್ಜಿಯಷ್ಟು ಬಲ್ಲ ರಬ್ಬಿ ಈ ಊರಲ್ಲಿಲ್ಲ. ಅವಳು ಆ ಎರಡು ಗೆರೆಗಳನ್ನು ನೋಡುತ್ತಿದ್ದಳು. ಅವಳ ಮುಖದಿಂದ ಮೊದಲು ಬಣ್ಣ ಹೋಯಿತು, ಆಮೇಲೆ ಬಂತು.

"ನಾಲ್ಕು ವರ್ಷ ನನ್ನ ಮೇಜಿನ ಮೇಲೆ ಊಟ ಮಾಡಿದ್ರಿ," ಎಂದಳು, ಬಹಳ ಮೆಲ್ಲಗೆ. "ಈ ಕೈಯಲ್ಲೇ."

ಗೆಟ್ಸೆಲ್ ತಲೆ ಎತ್ತಿದರು. ಆ ಕ್ಷಣದಲ್ಲಿ ಅವರು ತೀರ್ಮಾನಿಸಿದ್ದು ನನಗೆ ಸ್ಪಷ್ಟವಾಗಿ ಕಂಡಿತು. ಸಾಕ್ಷಿ ಹೇಳಿ ಅವಳನ್ನು ಬಿಡಿಸುತ್ತಾರೆ, ಹೇಳಿದ್ದರಿಂದಲೇ ಕಳೆದುಕೊಳ್ಳುತ್ತಾರೆ.

"ಫ್ರುಮಾ," ಎಂದರು, "ಆ ರಾತ್ರಿ ನಾನು..."

ಅಜ್ಜಿ ಎದ್ದು, ಮೇಜಿನ ಮೇಲಿಂದ ಬಾಗಿ, ಉಪ್ಪಾದ ಕೈಯಿಂದ ಅವರ ಬಾಯಿಯನ್ನು ಬಿಗಿಯಾಗಿ ಮುಚ್ಚಿದಳು.